ದಣಿವು ಬೇರೆ, ಹೊರೆ ಬೇರೆ: ಮುಂಬಯಿ ಮನೆಯೊಳಗೇ ಸ್ನಾಯುಬಲ ಬೆಳೆಸುವ ಕ್ರಮ

ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಲೋಕಲ್ ರೈಲಿನಲ್ಲಿ ನಿಂತೇ ಹೋಗಿ ನಿಂತೇ ಬರುವವರ ಹತ್ತಿರ ವ್ಯಾಯಾಮದ ಮಾತೆತ್ತಿದರೆ ಸಿಗುವ ಉತ್ತರ ಒಂದೇ: "ದಿನಾ ಆಗುವುದು ಅದೇ ಅಲ್ವಾ? ಇನ್ನು ಬೇರೆ ಯಾಕೆ?" ರಾತ್ರಿ ಮನೆ ಮುಟ್ಟುವಾಗ ಕಾಲು ಕಂಬವಾಗಿರುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಅವರನ್ನೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಿ, ಕೈ ಊರದೆ ಎದ್ದೇಳಿ ಎಂದು ಹೇಳಿ ನೋಡಿ. ನಲವತ್ತೈದು ದಾಟಿದ ಎಷ್ಟೋ ಮಂದಿಯ ಕೈ ತಾನಾಗಿ ಸೋಫಾದ ಕಡೆ ಹೋಗುತ್ತದೆ. ಹತ್ತು ತಾಸು ನಿಂತರೆ ಬರುವುದು ದಣಿವು. ಸ್ನಾಯುವಿಗೆ ಬಲ ಬರುವುದು ಹೊರೆಯಿಂದ. ಇವೆರಡೂ ಯಾಕೆ ಬೇರೆ ಎನ್ನುವುದು ತಿಳಿದರೆ ಉಳಿದದ್ದು ಸುಲಭ: ವಾರಕ್ಕೆ ಎರಡು ದಿನ, ದಿನಕ್ಕೆ ಸುಮಾರು 40 ನಿಮಿಷ, ಒನ್ ಬಿಎಚ್‌ಕೆಯ ಹಾಲಿನಷ್ಟು ಜಾಗ.

ಮೊದಲು ಅಳೆಯಿರಿ

ಕೈಯಿಲ್ಲದ, ಗಟ್ಟಿ ಸೀಟಿನ ಒಂದು ಕುರ್ಚಿ ಬೇಕು. ಸೀಟಿನ ಎತ್ತರ 43ರಿಂದ 45 ಸೆಂ.ಮೀ. ಇರಲಿ, ಸಾಧಾರಣ ಊಟದ ಮೇಜಿನ ಕುರ್ಚಿ ಅಷ್ಟೇ ಇರುತ್ತದೆ. ಅದನ್ನು ಗೋಡೆಗೆ ಒರಗಿಸಿಡಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿ, ಕೂತಲ್ಲಿಂದ ಪೂರ್ತಿ ಎದ್ದು ಮತ್ತೆ ಕೂರುವುದನ್ನು ಆದಷ್ಟು ಬೇಗ ಐದು ಸಲ ಮಾಡಿ. ಮನೆಯವರೊಬ್ಬರು ಮೊಬೈಲಿನಲ್ಲಿ ಸಮಯ ನೋಡಲಿ. ಏಷ್ಯಾದ ವೃದ್ಧರ ಸ್ನಾಯುಕ್ಷಯವನ್ನು ಗುರುತಿಸಲು 2019ರಲ್ಲಿ ಏಷ್ಯಾದ ತಜ್ಞರ ಗುಂಪೊಂದು ಇಟ್ಟುಕೊಂಡ ಗಡಿ 12 ಸೆಕೆಂಡು. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಶಕ್ತಿ ಕುಂದಿದೆ ಎಂದು ಲೆಕ್ಕ. ಇದೇ ಗುಂಪು ಮುಷ್ಟಿಯ ಹಿಡಿತಕ್ಕೆ ಇಟ್ಟ ಗಡಿ ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿ. ಅದನ್ನು ಅಳೆಯುವ ಉಪಕರಣ ಫಿಸಿಯೋಥೆರಪಿಸ್ಟರ ಬಳಿ ಸಿಗುತ್ತದೆ, ಮನೆಯಲ್ಲಿ ಬೇಡ.

ಬಂದ ಸಂಖ್ಯೆಯನ್ನು ತಾರೀಕಿನೊಂದಿಗೆ ಬರೆದಿಡಿ. ತೂಕದ ಯಂತ್ರದ ಮೇಲೆ ಹತ್ತುವುದು ಸದ್ಯಕ್ಕೆ ಬೇಡ. ಮೊದಲ ತಿಂಗಳು ಅದು ಹೇಳುವುದರಲ್ಲಿ ಉಪಯೋಗದ್ದು ಏನೂ ಇರುವುದಿಲ್ಲ.

ಬಲ ಎಲ್ಲಿಂದ ಹುಟ್ಟುತ್ತದೆ

ಊರಿನಲ್ಲಿ ಬಾವಿ ನೀರು ಸೇದಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ರಾಟೆಯ ಹಗ್ಗವನ್ನು ಒಂದು ಕೈ ಹಿಡಿದು ಎಳೆಯುತ್ತದೆ, ಬಿಡುತ್ತದೆ, ಮೇಲೆ ಹೋಗಿ ಮತ್ತೆ ಹಿಡಿಯುತ್ತದೆ. ಅಷ್ಟರಲ್ಲಿ ಇನ್ನೊಂದು ಕೈ ಹಗ್ಗ ಜಾರದಂತೆ ಹಿಡಿದಿರುತ್ತದೆ. ಸ್ನಾಯುವಿನೊಳಗೆ ನಡೆಯುವುದೂ ಇದೇ. ಸ್ನಾಯುತಂತುವಿನ ಒಳಗೆ ಸಾರ್ಕೊಮಿಯರ್ ಎಂಬ ಪುಟ್ಟ ಕಟ್ಟುಗಳು ಸಾಲಾಗಿವೆ. ಒಂದೊಂದರ ಉದ್ದ ಸುಮಾರು 2ರಿಂದ 2.5 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ನಾನೂರು ಐನೂರು ಹಿಡಿಯುತ್ತವೆ. ಅದರಲ್ಲಿ ಆಕ್ಟಿನ್ ಎಂಬ ತೆಳು ಎಳೆ ಹಗ್ಗ, ಮಯೋಸಿನ್ ಎಂಬ ದಪ್ಪ ಎಳೆಯ ತಲೆಗಳು ಕೈಗಳು. ಮಿದುಳಿನ ಆಜ್ಞೆ ಬೆನ್ನುಹುರಿಯ ಮೂಲಕ ಬಂದು ತಂತುವನ್ನು ಮುಟ್ಟಿದಾಗ ಒಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಚೆಲ್ಲುತ್ತದೆ. ಆಗ ಆಕ್ಟಿನ್ನಿನ ಮೇಲೆ ಮುಚ್ಚಿದ್ದ ಹಿಡಿತದ ಜಾಗಗಳು ತೆರೆದುಕೊಳ್ಳುತ್ತವೆ. ಮಯೋಸಿನ್ ತಲೆ ಹಿಡಿಯುತ್ತದೆ, ಹತ್ತು ನ್ಯಾನೋಮೀಟರಿನ ಆಸುಪಾಸು ಎಳೆಯುತ್ತದೆ, ಬಿಡುತ್ತದೆ. ಎಳೆಗಳ ಉದ್ದ ಕಡಿಮೆಯಾಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ, ಅಷ್ಟೆ. 1954ರಲ್ಲಿ ಎರಡು ತಂಡಗಳು 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇದನ್ನು ತೋರಿಸಿದವು. ಎರಡರಲ್ಲೂ ಒಬ್ಬೊಬ್ಬ ಹಕ್ಸ್‌ಲಿ ಇದ್ದರು, ಆಂಡ್ರ್ಯೂ ಮತ್ತು ಹ್ಯೂ. ಇಬ್ಬರಿಗೂ ನೆಂಟಸ್ತಿಕೆ ಏನೂ ಇರಲಿಲ್ಲ.

ವಿಚಿತ್ರವೆಂದರೆ ಹಿಡಿದ ಕೈ ಬಿಡಲಿಕ್ಕೇ ಎಟಿಪಿ ಎಂಬ ಇಂಧನ ಬೇಕು. ಸತ್ತ ಮೇಲೆ ಮೈ ಸೆಟೆದುಕೊಳ್ಳುವುದು ಇದರಿಂದಲೇ: ಇಂಧನ ಮುಗಿದು, ಹಿಡಿದ ತಲೆಗಳು ಹಿಡಿದಲ್ಲೇ ಉಳಿಯುತ್ತವೆ.

ಒಂದೊಂದು ತಲೆಯ ಎಳೆತ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಕೋಟಿಗಟ್ಟಲೆ ಸೇರಿದಾಗ ಒಂದು ಚದರ ಸೆಂಟಿಮೀಟರ್ ಅಡ್ಡಕೊಯ್ತದ ಸ್ನಾಯು ಸುಮಾರು 2ರಿಂದ 3 ಕೆಜಿ ಎತ್ತುವಷ್ಟು ಬಲ ಕೊಡುತ್ತದೆ. ಹಾಗಾಗಿ ಬಲ ಹೆಚ್ಚಲು ದಾರಿ ಎರಡೇ: ಇರುವ ತಂತುಗಳಲ್ಲಿ ಹೆಚ್ಚಿನವನ್ನು ಒಟ್ಟಿಗೆ ಕೆಲಸಕ್ಕೆ ಕರೆಯುವುದು, ಇಲ್ಲವೇ ತಂತುಗಳನ್ನು ದಪ್ಪ ಮಾಡುವುದು. ಮೊದಲನೆಯದು ವಾರಗಳಲ್ಲಿ ಆಗುತ್ತದೆ, ಎರಡನೆಯದಕ್ಕೆ ತಿಂಗಳುಗಳು ಬೇಕು.

ಯಾರನ್ನು ಕೆಲಸಕ್ಕೆ ಕರೆಯುತ್ತದೆ

ಮಧ್ಯಾಹ್ನ ಮೂರೂವರೆಗೆ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಇಬ್ಬರು ಮಾಣಿಗಳು ಸಾಕು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಬೇಕು, ಒಳಗೆ ಹಿಟ್ಟು ನೋಡಿಕೊಳ್ಳುವವನೂ ಸೇರಿ. ನರಮಂಡಲವೂ ಇದೇ ಜಿಪುಣತನದಲ್ಲಿ ನಡೆಯುತ್ತದೆ. ಒಂದು ನರಕೋಶ ಮತ್ತು ಅದರ ಕೈಕೆಳಗಿನ ತಂತುಗಳು ಸೇರಿದರೆ ಒಂದು ಮೋಟಾರ್ ಯೂನಿಟ್. ಕಣ್ಣು ಹೊರಳಿಸುವ ಸ್ನಾಯುವಿನಲ್ಲಿ ಒಂದು ಯೂನಿಟ್ಟಿಗೆ ಹತ್ತರ ಆಸುಪಾಸು ತಂತು, ಮೀನಖಂಡದಲ್ಲಿ ಸಾವಿರಕ್ಕೂ ಮೇಲೆ. ಹಗುರ ಕೆಲಸಕ್ಕೆ ಚಿಕ್ಕ ಯೂನಿಟ್ಟುಗಳು ಮೊದಲು ಏಳುತ್ತವೆ. ಅವು ನಿಧಾನ, ಆದರೆ ಸುಸ್ತಾಗುವುದಿಲ್ಲ. ಹೊರೆ ಏರಿದಂತೆ ದೊಡ್ಡವು, ವೇಗದವು, ಬೇಗ ಸೋಲುವವು ಸಾಲಾಗಿ ಸೇರುತ್ತವೆ. ಅಮೆರಿಕದ ಎಲ್ವುಡ್ ಹೆನ್ನೆಮನ್ 1950–60ರ ದಶಕಗಳಲ್ಲಿ ಬೆಕ್ಕುಗಳ ನರಗಳಲ್ಲಿ ಈ ಕ್ರಮವನ್ನು ಕಂಡುಕೊಂಡರು.

ಲೋಕಲ್ಲಿನಲ್ಲಿ ಎರಡು ತಾಸು ನಿಂತವರ ಗುಟ್ಟು ಇಲ್ಲಿದೆ. ನಿಲ್ಲುವುದಕ್ಕೆ ಚಿಕ್ಕ ಯೂನಿಟ್ಟುಗಳೇ ಸಾಕು. ಅವೇ ಇಡೀ ದಿನ ದುಡಿದು ದಣಿಯುತ್ತವೆ, ದೊಡ್ಡವು ಕರೆಯೇ ಬಾರದೆ ಕೂತಿರುತ್ತವೆ. ವಯಸ್ಸಾದಂತೆ ಮೊದಲು ಸೊರಗುವುದೂ ಈ ದೊಡ್ಡ, ವೇಗದ ತಂತುಗಳೇ. ಬಸ್ಸು ಜರ್ಕ್ ಹೊಡೆದಾಗ ಸಾವರಿಸಿಕೊಳ್ಳುವುದು, ಎಡವಿದಾಗ ಕಾಲು ಮುಂದಿಡುವುದು, ಹೊರಡುತ್ತಿರುವ ಗಾಡಿಯಿಂದ ಹಿಂದೆ ಸರಿಯುವುದು, ಎಲ್ಲವೂ ಅವುಗಳ ಕೆಲಸ.

ಅವನ್ನು ಎಬ್ಬಿಸಲು ಭಾರೀ ತೂಕವೇ ಬೇಕೆಂದಿಲ್ಲ. ಮಧ್ಯಮ ತೂಕವನ್ನೇ ಹತ್ತು ಹದಿನೈದು ಸಲ ಎತ್ತುತ್ತ ಹೋದರೆ ಚಿಕ್ಕವು ಸೋತಂತೆ ದೊಡ್ಡವಕ್ಕೆ ಕರೆ ಹೋಗುತ್ತದೆ. ಆದರೆ ಕೊನೆಯ ಕೆಲವು ಸಲ ನಿಜವಾಗಿ ಕಷ್ಟವಾಗಬೇಕು. "ಇನ್ನು ಎರಡು ಮೂರು ಸಲ ಮಾತ್ರ ಆದೀತು" ಅನಿಸುವಲ್ಲಿ ನಿಲ್ಲಿಸುವುದು ಸರಿಯಾದ ಜಾಗ. ಇನ್ನೂ ಹತ್ತು ಸಲ ಮಾಡಬಹುದಿತ್ತು ಎನಿಸಿದರೆ ಅದು ಬೆವರು ಸುರಿಸಿದ್ದು, ಅಷ್ಟೇ.

ಏರಿಸುವುದಕ್ಕಿಂತ ಇಳಿಸುವುದು

ದಹಿಹಂಡಿಯಲ್ಲಿ ಒಬ್ಬರ ಮೇಲೊಬ್ಬರು ನಿಂತು ಮೊಸರಿನ ಗಡಿಗೆ ಒಡೆಯುವ ಗೋವಿಂದರನ್ನು ನೋಡಿ. ತಳದ ಸುತ್ತಿನವರು ಅಲುಗಾಡುವುದಿಲ್ಲ, ಆದರೆ ಎಲ್ಲರಿಗಿಂತ ಹೆಚ್ಚು ಬಲ ಹಾಕುತ್ತಿರುವವರು ಅವರೇ. ಸ್ನಾಯು ವೇಗವಾಗಿ ಕುಗ್ಗುವಾಗ ಬಲ ಕಡಿಮೆ, ನಿಧಾನವಾದಂತೆ ಹೆಚ್ಚು, ಅಲುಗದೆ ಹಿಡಿದಾಗ ಇನ್ನೂ ಹೆಚ್ಚು. ಇಂಗ್ಲೆಂಡಿನ ಶರೀರವಿಜ್ಞಾನಿ ಎ. ವಿ. ಹಿಲ್ 1938ರಲ್ಲಿ ಇದನ್ನು ಸಮೀಕರಣದಲ್ಲೇ ಬರೆದಿಟ್ಟರು. ಹೊರೆಯನ್ನು ತಡೆದು ತಡೆದು ಇಳಿಸುವಾಗ, ಅಂದರೆ ಸ್ನಾಯು ಉದ್ದವಾಗುತ್ತಲೇ ಎಳೆಯುವಾಗ, ಬಲ ಎಲ್ಲಕ್ಕಿಂತ ಹೆಚ್ಚು. ಎತ್ತಬಲ್ಲುದಕ್ಕಿಂತ ಕಾಲುಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ತೂಕವನ್ನು ಮನುಷ್ಯ ನಿಧಾನವಾಗಿ ಇಳಿಸಬಲ್ಲ.

ಅದೂ ಅಗ್ಗದಲ್ಲಿ. 1952ರಲ್ಲಿ ಇಂಗ್ಲೆಂಡಿನ ಅಬಟ್, ಬ್ರೆಂಡಾ ಬಿಗ್ಲಂಡ್, ರಿಚಿ ಎಂಬ ಮೂವರು ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ಇಟ್ಟು ಒಂದೇ ಚೈನಿನಿಂದ ಕಟ್ಟಿದರು. ಒಬ್ಬರು ಪೆಡಲ್ ತುಳಿಯುವುದು, ಇನ್ನೊಬ್ಬರು ಅದನ್ನು ತಡೆಯುವುದು. ಎರಡೂ ಕಡೆ ಬಲ ಒಂದೇ, ಆದರೆ ತಡೆದವರು ಬಳಸಿದ ಆಮ್ಲಜನಕ ತುಳಿದವರಿಗಿಂತ ತುಂಬಾ ಕಡಿಮೆ. ನಾಲ್ಕನೇ ಮಹಡಿ ಹತ್ತುವಾಗ ಏದುಸಿರು, ಇಳಿಯುವಾಗ ಫೋನಿನಲ್ಲಿ ಮಾತು: ವ್ಯತ್ಯಾಸ ಇದರದ್ದೇ.

ಇಳಿಯುವುದಕ್ಕೆ ಬೆಲೆ ಇಲ್ಲವೆಂದಲ್ಲ, ಬಿಲ್ಲು ತಡವಾಗಿ ಬರುತ್ತದೆ. ಪುಣೆಯ ನಮ್ಮವರು ಭಾನುವಾರ ಸಿಂಹಗಡದ ಕೋಟೆಬೆಟ್ಟ ಹತ್ತಿಳಿದು, ಸೋಮವಾರ ಸುಮ್ಮನಿದ್ದು, ಮಂಗಳವಾರ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಳ್ಳುವುದು ಹತ್ತಿದ್ದಕ್ಕಲ್ಲ, ಇಳಿದದ್ದಕ್ಕೆ. ಅಭ್ಯಾಸವಿಲ್ಲದ ಇಳಿತದಲ್ಲಿ ಕೆಲವು ಸಾರ್ಕೊಮಿಯರ್‌ಗಳು ಅತಿಯಾಗಿ ಹಿಗ್ಗಿ ಕೆಡುತ್ತವೆ, ರಿಪೇರಿಯ ಉರಿಯೂತ ಶುರುವಾಗುತ್ತದೆ, 24ರಿಂದ 72 ತಾಸಿನ ನಡುವೆ ನೋವು ಏರಿ ಇಳಿಯುತ್ತದೆ. "ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ" ಎಂದು ಜಿಮ್ಮುಗಳಲ್ಲಿ ಹೇಳುವ ಮಾತನ್ನು ಕೈಬಿಡಿ. ರಕ್ತದ ಲ್ಯಾಕ್ಟೇಟ್ ಒಂದೆರಡು ತಾಸಿನಲ್ಲೇ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ, ಎರಡು ದಿನ ಕಾದು ಕೂರುವುದಿಲ್ಲ. ಒಳ್ಳೆಯ ಸುದ್ದಿ: ಅದೇ ಕೆಲಸವನ್ನು ಒಂದೆರಡು ವಾರದೊಳಗೆ ಮತ್ತೆ ಮಾಡಿದರೆ ನೋವು ಬಹಳ ಕಡಿಮೆ. ಆದ್ದರಿಂದ ಮೊದಲ ವಾರ ಬೇಕೆಂದೇ ಅರ್ಧ ಹೊಟ್ಟೆ ಉಂಡಂತೆ ಮಾಡಬೇಕು.

ಕೆಳಗಿನ ಎಲ್ಲ ವ್ಯಾಯಾಮಗಳಿಗೂ ಲೆಕ್ಕ ಹೀಗೆ: ಏರಿಸಲು ಒಂದು ಸೆಕೆಂಡು, ಇಳಿಸಲು ಮೂರು. ಕುರ್ಚಿಯ ಮೇಲೆ ಧೊಪ್ಪನೆ ಬೀಳುವವರು ಅರ್ಧ ವ್ಯಾಯಾಮವನ್ನು ಬಿಸಾಡಿದಂತೆ.

ಬೇಕಾದ ಸಾಮಾನು

ಗಟ್ಟಿ ಕುರ್ಚಿ. ಎರಡು ಪಟ್ಟಿಯ ಹಳೆಯ ಸ್ಕೂಲ್ ಬ್ಯಾಗು. ಒಂದು ಲೀಟರಿನ ನೀರಿನ ಬಾಟಲಿ ಏಳೆಂಟು (ಒಂದು ಲೀಟರ್ ನೀರು ಒಂದು ಕೆಜಿ, ತಕ್ಕಡಿ ಬೇಡ). ಹಿಡಿ ಇರುವ ಐದು ಲೀಟರಿನ ಎರಡು ಕ್ಯಾನು. ಇಪ್ಪತ್ತು ಲೀಟರಿನ ಬಿಸ್ಲೇರಿ ಜಾರನ್ನು ಇದಕ್ಕೆ ತರಬೇಡಿ. ಹಿಡಿತ ಸಿಗದ ಭಾರ ಕಲಿಯುವವರ ಸೊಂಟಕ್ಕೆ ಶತ್ರು.

ಮೊದಲ ಐದು ನಿಮಿಷ ನಿಂತಲ್ಲೇ ನಡಿಗೆ, ಭುಜ ತಿರುಗಿಸುವುದು, ಹೊರೆಯಿಲ್ಲದೆ ಐದಾರು ಸಲ ಕೂತೇಳುವುದು. ಸ್ನಾಯು ಬಿಸಿಯಾದರೆ ವೇಗವಾಗಿ ಕುಗ್ಗುತ್ತದೆ. ನಿಮಿಷಗಟ್ಟಲೆ ಎಳೆದು ಹಿಡಿಯುವ ಸ್ಟ್ರೆಚಿಂಗ್ ಈಗ ಬೇಡ, ಅದು ಬಲವನ್ನು ತುಸು ತಗ್ಗಿಸುತ್ತದೆ. ಬೇಕಿದ್ದರೆ ಕೊನೆಯಲ್ಲಿ ಮಾಡಿ.

ಐದು ಕೆಲಸ

1. ಕೂತೇಳುವುದು. ಸೀಟಿನ ಮುಂದಿನ ಅರ್ಧದಲ್ಲಿ ಕೂತು, ಪಾದಗಳನ್ನು ಭುಜದಗಲಕ್ಕೆ ಇಟ್ಟು, ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗಿ ಏಳಿ. ಬಾಗದೆ ಏಳಲು ಹೋದರೆ ಎಂದಿಗೂ ಏಳಲಾಗುವುದಿಲ್ಲ, ಅದು ಬಲದ ಕೊರತೆ ಅಲ್ಲ, ತೂಕ ಪಾದದ ಹಿಂದೆ ಉಳಿದದ್ದು. ಮಂಡಿಗಳು ಒಳಗೆ ಕೂಡಬಾರದು, ಕಾಲ್ಬೆರಳುಗಳ ದಿಕ್ಕಿಗೇ ಇರಲಿ. ಎಂಟು ಸಲವೂ ಆಗದವರು ಸೀಟಿನ ಮೇಲೆ ಮಡಿಸಿದ ಚಾದರ ಹಾಕಿ ಐದಾರು ಸೆಂಟಿಮೀಟರ್ ಎತ್ತರಿಸಿ. ಸ್ನಾಯು ತೀರಾ ಹಿಗ್ಗಿದಾಗಲೂ ತೀರಾ ಕುಗ್ಗಿದಾಗಲೂ ಅದರ ಎಳೆಗಳ ಹಿಡಿತ ಕಡಿಮೆ, ನಡುವಿನ ಉದ್ದದಲ್ಲೇ ಹೆಚ್ಚು. ತಗ್ಗಿನ ಮಣೆಯಿಂದ ಏಳುವಾಗ ಸನ್ನೆಕೋಲಿನ ಲೆಕ್ಕವೂ ನಮ್ಮ ವಿರುದ್ಧ ಇರುತ್ತದೆ. ಹದಿನೈದು ಸಲ ಸಲೀಸಾದವರು ಬ್ಯಾಗಿನಲ್ಲಿ ಎರಡು ಬಾಟಲಿ ಹಾಕಿ ಎದೆಗೆ ಅಪ್ಪಿಕೊಳ್ಳಿ.

2. ತಳ್ಳುವುದು. ಅಡುಗೆಮನೆಯ ಕಟ್ಟೆಯ ಅಂಚಿಗೆ ಅಂಗೈ ಊರಿ, ಕಾಲು ಹಿಂದೆ ಇಟ್ಟು, ತಲೆಯಿಂದ ಹಿಮ್ಮಡಿವರೆಗೆ ಮೈ ಒಂದೇ ಹಲಗೆಯಂತಿರಲಿ. ಎದೆಯನ್ನು ಕಟ್ಟೆಯ ಹತ್ತಿರ ಇಳಿಸಿ, ತಳ್ಳಿ. ಮೊಣಕೈ ಮೈಯಿಂದ 45 ಡಿಗ್ರಿಯಷ್ಟು ದೂರವಿರಲಿ. ಪೂರ್ತಿ ಅಗಲಿಸಿದರೆ ಭುಜದ ಮುಂಭಾಗ ನೋಯುತ್ತದೆ. ಕಷ್ಟವಾದರೆ ಗೋಡೆ, ಸುಲಭವಾದರೆ ಕುರ್ಚಿ, ಆಮೇಲೆ ನೆಲ. ಕಟ್ಟೆಯ ಕಲ್ಲು ಒದ್ದೆಯಿದ್ದರೆ ಒರೆಸಿ ಶುರುಮಾಡಿ.

3. ಎಳೆಯುವುದು. ನಗರದ ಮನೆಯಲ್ಲಿ ಪೂರ್ತಿ ಮಾಯವಾದ ಕೆಲಸ ಇದು. ಅಜ್ಜಿಯಂದಿರ ಬೆನ್ನು ಬಾವಿಯ ಹಗ್ಗದಿಂದ ಗಟ್ಟಿಯಾಗಿತ್ತು, ನಮ್ಮದು ನಲ್ಲಿ ತಿರುಗಿಸಿ ಮೆತ್ತಗಾಗಿದೆ. ಎಡಗೈಯನ್ನು ಕುರ್ಚಿಯ ಸೀಟಿಗೆ ಊರಿ, ಸೊಂಟದಿಂದ ಬಾಗಿ, ಬಲಗೈಯಲ್ಲಿ ಬ್ಯಾಗು ತೂಗಿಬಿಡಿ. ಮೊಣಕೈಯನ್ನು ಸೊಂಟದ ಕಡೆಗೆ ಎಳೆಯಿರಿ, ಮೇಲೆ ಒಂದು ಸೆಕೆಂಡು ನಿಲ್ಲಿಸಿ, ಮೂರು ಎಣಿಸುತ್ತ ಇಳಿಸಿ. ಹೆಂಗಸರು 3, ಗಂಡಸರು 5 ಕೆಜಿಯಿಂದ ಶುರುಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮೈ ತಿರುಚಿ ಎಳೆಯುತ್ತಿದ್ದರೆ ಒಂದು ಬಾಟಲಿ ತೆಗೆಯಿರಿ.

4. ಬಾಗಿ ಎತ್ತುವುದು. ಇಲ್ಲಿ ಸ್ವಲ್ಪ ನಿಲ್ಲಬೇಕು, ಸೊಂಟ ಹಿಡಿದುಕೊಳ್ಳುವ ಕಥೆಗಳು ಶುರುವಾಗುವುದು ಇಲ್ಲೇ. ಸ್ನಾಯು ಮೂಳೆಗೆ ಅಂಟಿರುವುದು ಕೀಲಿನ ತೀರಾ ಹತ್ತಿರ, ಹೊರೆ ಇರುವುದು ದೂರ. ದಾದರ್ ಮಾರುಕಟ್ಟೆಯಿಂದ ತಂದ 5 ಕೆಜಿಯ ಚೀಲವನ್ನು ಮೊಣಕೈ ಲಂಬವಾಗಿ ಮಡಿಸಿ ಹಿಡಿದಿದ್ದೀರಿ ಎನ್ನಿ. ಚೀಲ ಕೀಲಿನಿಂದ 35 ಸೆಂ.ಮೀ. ದೂರ, ತೋಳಿನ ಮುಂಭಾಗದ ಸ್ನಾಯು ಬೈಸೆಪ್ಸ್ ಅಂಟಿರುವುದು ಸುಮಾರು 4.5 ಸೆಂ.ಮೀ. ದೂರ. 5ನ್ನು 35ರಿಂದ ಗುಣಿಸಿ 4.5ರಿಂದ ಭಾಗಿಸಿದರೆ 39 ಕೆಜಿ ಆಯಿತು, ಮುಂಗೈಯ ಸ್ವಂತ ತೂಕ ಬೇರೆ. ಬೆನ್ನಿನ ಸ್ನಾಯುಗಳ ಲೆಕ್ಕ ಇದಕ್ಕಿಂತ ಕಠಿಣ: ಹೊರೆ ಮೈಯಿಂದ ಒಂದು ಗೇಣು ದೂರ ಹೋದರೆ ಅವು ಕೊಡಬೇಕಾದ ಬಲ ಹಲವು ಪಟ್ಟು ಏರುತ್ತದೆ. ಆದ್ದರಿಂದ ಬ್ಯಾಗನ್ನು ಎರಡು ಪಾದಗಳ ನಡುವೆ ಇಡಿ. ಮಂಡಿ ತುಸು ಮಡಿಸಿ, ಹಿಂದಿರುವ ಬಾಗಿಲನ್ನು ಪೃಷ್ಠದಿಂದ ತಳ್ಳಿ ಮುಚ್ಚುವಂತೆ ಸೊಂಟವನ್ನು ಹಿಂದೆ ಸರಿಸಿ ಬಾಗಿ. ಬೆನ್ನು ಗುಂಡಗಾಗದಿರಲಿ. ಬ್ಯಾಗು ಕಾಲಿಗೆ ಉಜ್ಜಿಕೊಂಡೇ ಮೇಲೆ ಬರಲಿ. ತೊಡೆಯ ಹಿಂಭಾಗದಲ್ಲಿ ಬಿಗಿ ಅನಿಸಿದರೆ ಸರಿ, ಸೊಂಟದಲ್ಲೇ ಅನಿಸಿದರೆ ತೂಕ ತೆಗೆದು ಮತ್ತೆ ಕಲಿಯಿರಿ.

5. ಹಿಮ್ಮಡಿ ಎತ್ತುವುದು. ನೆಲದ ಮೇಲೆ, ಗೋಡೆ ಮುಟ್ಟಿಕೊಂಡು. ಎರಡು ಕಾಲಿನಲ್ಲಿ 20 ಸಲ ಆದರೆ ಒಂದೊಂದೇ ಕಾಲಿನಲ್ಲಿ. ಮೆಟ್ಟಿಲಿನ ಅಂಚಿನಲ್ಲಿ ಮಾಡುವುದಾದರೆ ಕಂಬಿ ಹಿಡಿಯಿರಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೆಟ್ಟಿಲ ಆಸೆ ಬಿಡಿ.

ಇವೆಲ್ಲ ಮುಗಿದ ಮೇಲೆ ಎರಡೂ ಕೈಯಲ್ಲಿ ಐದು ಲೀಟರಿನ ಕ್ಯಾನು ಹಿಡಿದು ಸೊಸೈಟಿಯ ಪ್ಯಾಸೇಜಿನಲ್ಲಿ 30 ಸೆಕೆಂಡು ನೆಟ್ಟಗೆ ನಡೆಯಿರಿ, ಎರಡು ಸಲ. ಹಿಡಿತಕ್ಕೂ ನಡುವಿಗೂ ಇದು ಒಳ್ಳೆಯದು. ನೆರೆಯವರು ಕೇಳಿದರೆ ನೀರು ಬಂದಿಲ್ಲ ಎನ್ನಿ.

ಎಷ್ಟು, ಯಾವಾಗ, ಹೇಗೆ ಏರಿಸುವುದು

ಒಂದೊಂದನ್ನೂ 8ರಿಂದ 15 ಸಲ ಮಾಡಿದರೆ ಒಂದು ಸೆಟ್. ಮೊದಲ ಎರಡು ವಾರ ಎರಡೇ ಸೆಟ್, ಇನ್ನೂ ಐದಾರು ಸಲ ಆಗುತ್ತಿತ್ತು ಎನ್ನುವಾಗಲೇ ನಿಲ್ಲಿಸಿ. ಮೂರನೇ ವಾರದಿಂದ ಮೂರು ಸೆಟ್, ಎರಡು ಮೂರು ಸಲ ಉಳಿದಿರುವಾಗ ನಿಲ್ಲಿಸಿ. ಸೋಮವಾರ–ಗುರುವಾರ, ಅಥವಾ ಬುಧವಾರ–ಭಾನುವಾರ, ನಡುವೆ ಕನಿಷ್ಠ 48 ತಾಸು ಬಿಡಿ.

ಸೆಟ್ಟುಗಳ ನಡುವೆ ಒಂದೂವರೆಯಿಂದ ಎರಡು ನಿಮಿಷ ಸುಮ್ಮನಿರಬೇಕು. ಇದು ಸೋಮಾರಿತನವಲ್ಲ. ಸ್ನಾಯುವಿನಲ್ಲಿ ತಯಾರಿರುವ ಎಟಿಪಿ ಒಂದೆರಡು ಸೆಕೆಂಡಿಗೆ ಸಾಕು; ಅದನ್ನು ಕೂಡಲೇ ತುಂಬುವ ಕ್ರಿಯಾಟಿನ್ ಫಾಸ್ಫೇಟ್ ಇನ್ನೊಂದು ಹತ್ತು ಸೆಕೆಂಡಿಗೆ; ಆಮೇಲೆ ಸಕ್ಕರೆಯನ್ನು ಆಮ್ಲಜನಕವಿಲ್ಲದೆ ಒಡೆಯುವ ಕೆಲಸ, ನಂತರ ಆಮ್ಲಜನಕದ ನಿಧಾನದ ಒಲೆ. ಖಾಲಿಯಾದ ಕ್ರಿಯಾಟಿನ್ ಫಾಸ್ಫೇಟಿನ ಹೆಚ್ಚಿನ ಭಾಗ ಮರಳಿ ತುಂಬಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಕಾಯದೆ ಮುಂದಿನ ಸೆಟ್ಟಿಗೆ ಹಾರಿದರೆ ಏದುಸಿರು ಮಾತ್ರ ಹೆಚ್ಚುತ್ತದೆ, ಎತ್ತುವ ತೂಕ ಇಳಿಯುತ್ತದೆ.

ಏರಿಸುವ ನಿಯಮ ಒಂದೇ. ಸತತ ಎರಡು ದಿನ ಎಲ್ಲ ಸೆಟ್ಟುಗಳಲ್ಲೂ 15 ಮುಟ್ಟಿದರೆ ಒಂದು ಬಾಟಲಿ ಸೇರಿಸಿ, ಕೂತೇಳುವುದಕ್ಕೆ ಎರಡು. ಸಂಖ್ಯೆ 9–10ಕ್ಕೆ ಇಳಿಯುತ್ತದೆ, ಮತ್ತೆ 15ರ ಕಡೆಗೆ ನಡೆಯಿರಿ. ಹೊರೆಯನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಕ್ರಮವನ್ನು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ 1945ರಲ್ಲಿ, ಯುದ್ಧದಲ್ಲಿ ಗಾಯಗೊಂಡ ಸೈನಿಕರ ಕಾಲುಗಳಿಗಾಗಿ ಬರೆದರು. ಅದಕ್ಕಿಂತ ಸರಳವಾದದ್ದು ಇನ್ನೂ ಬಂದಿಲ್ಲ. ಆರು ತಿಂಗಳು ಅದೇ ಒಂದು ಕೆಜಿಯ ಗುಲಾಬಿ ಡಂಬೆಲ್ಲನ್ನು ಎತ್ತುತ್ತ ಟಿವಿ ನೋಡುವವರು ಏರಿಸದ ಮೆಟ್ಟಿಲಲ್ಲೇ ನಿಂತವರು.

ಮೆಟ್ಟಿಲು ಹತ್ತಿದರೆ ತೂಕ ಇಳಿಯುತ್ತದೆಯೇ ಎಂಬ ಪ್ರಶ್ನೆಗೆ ಒಂದು ಲೆಕ್ಕ. 70 ಕೆಜಿಯವರು ನಾಲ್ಕು ಮಹಡಿ, ಅಂದಾಜು 12 ಮೀಟರ್ ಹತ್ತಿದರೆ ಆಗುವ ಕೆಲಸ ಸುಮಾರು 8,200 ಜೂಲ್. ಸ್ನಾಯು ಇಂಧನದ ಐದರಲ್ಲಿ ಒಂದು ಪಾಲನ್ನಷ್ಟೇ ಕೆಲಸವಾಗಿಸುತ್ತದೆ, ಉಳಿದದ್ದು ಶಾಖ. ಹಾಗೆ ನೋಡಿದರೂ ಖರ್ಚು ಹತ್ತು ಕಿಲೋಕ್ಯಾಲರಿ ಮಾತ್ರ, ಕಾಲು ಟೀಚಮಚ ಎಣ್ಣೆಯಷ್ಟು. ಹತ್ತಿ, ಆದರೆ ಕಾಲಿಗಾಗಿ ಹತ್ತಿ, ವಡಾಪಾವಿನ ಪ್ರಾಯಶ್ಚಿತ್ತಕ್ಕಾಗಿ ಅಲ್ಲ.

ಒಳಗೆ ಏನಾಗುತ್ತದೆ

ಮೊದಲ ಒಂದು ತಿಂಗಳು ಬಲ ಏರುತ್ತದೆ, ಟೇಪಿನಲ್ಲಿ ತೊಡೆ ಏರುವುದಿಲ್ಲ. ನರಗಳು ಕಲಿಯುತ್ತಿವೆ: ಹೆಚ್ಚು ಯೂನಿಟ್ಟುಗಳು, ವೇಗದ ಕರೆ, ಎದುರು ಸ್ನಾಯುವಿನ ತಡೆ ಕಡಿಮೆ. ಕಣ್ಣಿಗೆ ಕಾಣುವಷ್ಟು ದಪ್ಪವಾಗಲು ಆರರಿಂದ ಎಂಟು ವಾರ ಬೇಕು. ಪ್ರತಿ ಸಲ ಹೊರೆ ಹೊತ್ತ ಮೇಲೆ ಒಂದೆರಡು ದಿನ ಸ್ನಾಯು ಹೊಸ ಪ್ರೋಟೀನ್ ಕಟ್ಟುವ ವೇಗ ಹೆಚ್ಚಿರುತ್ತದೆ. ತಂತುವಿನ ಹೊರಪೊರೆಗೆ ಅಂಟಿಕೊಂಡು ಮಲಗಿರುವ ಸ್ಯಾಟಲೈಟ್ ಕೋಶಗಳು ಎದ್ದು ರಿಪೇರಿಗೆ ಸೇರುತ್ತವೆ. ಅಮೆರಿಕದ ವಿಜ್ಞಾನಿ ಅಲೆಕ್ಸಾಂಡರ್ ಮೌರೊ ಅವನ್ನು ಗುರುತಿಸಿದ್ದು 1961ರಲ್ಲಿ.

ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಮಾತ್ರ ಆಮೆ. ರಕ್ತದ ಓಡಾಟ ಕಡಿಮೆ, ಬದಲಾವಣೆ ನಿಧಾನ. ಎರಡನೇ ತಿಂಗಳಿನಲ್ಲಿ "ಈಗ ಬಲ ಬಂದಿದೆ" ಎಂದು ಒಮ್ಮೆಲೇ ಹತ್ತು ಕೆಜಿ ಏರಿಸಿದವರಿಗೆ ಮಂಡಿಚಿಪ್ಪಿನ ಕೆಳಗೆ, ಇಲ್ಲವೇ ಹಿಮ್ಮಡಿಯ ಮೇಲೆ ನೋವು ಬರುವುದು ಇದರಿಂದ. ಬಂದರೆ ಪೂರ್ತಿ ನಿಲ್ಲಿಸಬೇಡಿ. ಹೊರೆ ಅರ್ಧ ಮಾಡಿ, ಇಳಿಸುವುದನ್ನು ಇನ್ನೂ ನಿಧಾನಗೊಳಿಸಿ. ನೋವು ಹತ್ತರಲ್ಲಿ ಮೂರರೊಳಗಿದ್ದು ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಮುಂದುವರಿಸಬಹುದು.

ಉಸಿರು ಕಟ್ಟಿ ಎತ್ತುವುದು ಇನ್ನೊಂದು ತಪ್ಪು. ಆ ಕ್ಷಣ ರಕ್ತದೊತ್ತಡ ಜಿಗಿಯುತ್ತದೆ. ಎತ್ತುವಾಗ ಬಾಯಿಬಿಟ್ಟು ಎಣಿಸಿ. ಎಣಿಸುವವರು ಉಸಿರು ಕಟ್ಟಲಾರರು. ಮೇ ತಿಂಗಳ ಮುಂಬಯಿಯಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತದೆ ಅಷ್ಟೆ, ಮೈ ತಣ್ಣಗಾಗುವುದಿಲ್ಲ. ಬೆಳಿಗ್ಗೆ ಏಳರೊಳಗೆ ಅಥವಾ ಫ್ಯಾನಿನ ಕೆಳಗೆ ಮಾಡಿ, ಬೆವರು ಹೆಚ್ಚಾದ ದಿನ ನೀರಿನ ಜತೆ ಒಂದು ಲೋಟ ಉಪ್ಪುಮಜ್ಜಿಗೆ. ಬಿಪಿ ಇರುವವರಾದರೆ ಮಜ್ಜಿಗೆಗೆ ಉಪ್ಪು ಬೇಡ. ಎಣ್ಣೆ ತಿಕ್ಕಿಸಿಕೊಂಡರೆ ಹಾಯೆನಿಸುತ್ತದೆ, ಬಲ ಬರುವುದಿಲ್ಲ.

ತಟ್ಟೆಯಲ್ಲಿ

ವ್ಯಾಯಾಮ ಮಾಡುವವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. 60 ಕೆಜಿಯವರಿಗೆ 72 ಗ್ರಾಂ ಎಂದಿಟ್ಟುಕೊಳ್ಳಿ. ನಮ್ಮ ತಿಂಡಿ ಇಲ್ಲಿ ಕೈಕೊಡುತ್ತದೆ: ಮೂರು ಇಡ್ಲಿಯಲ್ಲಿ ಐದಾರು ಗ್ರಾಂ, ನೀರುದೋಸೆ ಎಂದರೆ ಬರೀ ಅಕ್ಕಿ, ಗಂಜಿ–ಉಪ್ಪಿನಕಾಯಿಯ ಬಗ್ಗೆ ಮಾತೇ ಬೇಡ. ಎರಡು ಮೊಟ್ಟೆ 12, ಒಂದು ದೊಡ್ಡ ಲೋಟ ಹಾಲು 8, ಎರಡು ಬಟ್ಟಲು ಗಟ್ಟಿ ತೊವ್ವೆ ಅಥವಾ ಉಸಳಿ 14, ನೂರು ಗ್ರಾಂ ಬಂಗುಡೆ 19, ಒಂದು ದೊಡ್ಡ ಬಟ್ಟಲು ಮೊಸರು 7, ಅನ್ನ–ಚಪಾತಿಯಿಂದ ಹನ್ನೆರಡು ಹದಿಮೂರು. ಲೆಕ್ಕ ಸರಿಹೋಯಿತು. ಮೀನು–ಮೊಟ್ಟೆ ತಿನ್ನದವರು 50 ಗ್ರಾಂ ಪನೀರ್ (9), ಒಣಗಿದ್ದು ತೂಗಿದಾಗ 30 ಗ್ರಾಂ ಸೋಯಾ ಚಂಕ್ಸ್ (15), ಒಂದು ಮುಷ್ಟಿ ಶೇಂಗಾ (7) ಸೇರಿಸಿಕೊಳ್ಳಲಿ. ರಾತ್ರಿ ಒಮ್ಮೆಲೇ ತುಂಬುವ ಬದಲು ಮೂರು ಊಟಕ್ಕೂ ಹಂಚಿ. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು. ಪುಡಿ ಡಬ್ಬ ಅನಿವಾರ್ಯವಲ್ಲ. ಕ್ರಿಯಾಟಿನ್ ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಳ್ಳುವವರು ರಕ್ತಪರೀಕ್ಷೆಗೆ ಹೋದಾಗ ಅದನ್ನು ಹೇಳಿ. ಕಿಡ್ನಿಯ ಸ್ಥಿತಿ ತಿಳಿಯಲು ನೋಡುವ ಕ್ರಿಯಾಟಿನೈನ್ ತುಸು ಹೆಚ್ಚು ತೋರಿಸಿ ಅನಾವಶ್ಯಕ ಗಾಬರಿ ಹುಟ್ಟಿಸಬಹುದು.

ಸಕ್ಕರೆ ಕಾಯಿಲೆಯವರಿಗೆ ಒಂದು ಲಾಭ ಹೆಚ್ಚು. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ಇಲ್ಲದೆಯೂ ರಕ್ತದ ಸಕ್ಕರೆಯನ್ನು ಒಳಗೆಳೆಯುತ್ತದೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಮಾತ್ರ ರಕ್ತದ ಸಕ್ಕರೆ ತೀರಾ ಇಳಿಯಬಹುದು, ಜೇಬಿನಲ್ಲಿ ಸಕ್ಕರೆ ಇಟ್ಟುಕೊಂಡೇ ಶುರುಮಾಡಿ.

ಊರಿನಿಂದ ಬಂದ ಅಪ್ಪ–ಅಮ್ಮನಿಗೆ

"ಈ ವಯಸ್ಸಿನಲ್ಲಿ ಎಂಥದು ಮಾರಾಯ" ಎನ್ನುತ್ತಾರೆ. 1990ರಲ್ಲಿ ಅಮೆರಿಕದ ಮರಿಯಾ ಫಿಯಾಟರೋನ್ ತಂಡ ವೃದ್ಧಾಶ್ರಮದ ಹತ್ತು ಮಂದಿಗೆ, ಎಲ್ಲರೂ ತೊಂಬತ್ತರ ಆಸುಪಾಸಿನವರು, ಎಂಟು ವಾರ ತೊಡೆಯ ಭಾರದ ವ್ಯಾಯಾಮ ಕೊಟ್ಟಿತು. ಬಲ ಸರಾಸರಿ 174 ಪ್ರತಿಶತ ಏರಿತು. ಮನೆಯ ಹಿರಿಯರಿಗೆ ಕೂತೇಳುವುದು, ಗೋಡೆ ತಳ್ಳುವುದು, ಹಿಮ್ಮಡಿ ಎತ್ತುವುದು ಈ ಮೂರೇ ಸಾಕು. ಮೊದಲ ದಿನಗಳಲ್ಲಿ ಪಕ್ಕದಲ್ಲಿ ಒಬ್ಬರು ನಿಂತಿರಲಿ. ಲಿಫ್ಟಿಲ್ಲದ ಕಟ್ಟಡದಲ್ಲಿ ಅವರು ತಿಂಗಳುಗಟ್ಟಲೆ ಕೆಳಗಿಳಿಯದೆ ಉಳಿಯುವುದು ಮಂಡಿನೋವಿಗಿಂತ ಬೇಗ ಕಾಲನ್ನು ತಿನ್ನುತ್ತದೆ.

ಎದೆನೋವು, ಕಣ್ಣು ಕತ್ತಲೆ, ಒಂದೇ ಮೀನಖಂಡ ಊದಿ ಬಿಸಿಯಾಗುವುದು, ಟಪ್ ಎಂದ ಶಬ್ದದೊಂದಿಗೆ ಕಾಲು ಕೈಕೊಡುವುದು ಕಂಡರೆ ಆಸ್ಪತ್ರೆಗೆ ಹೋಗಿ. ಮೊದಲ ದಿನವೇ ಅತಿ ಮಾಡಿ, ಮೂತ್ರ ಕೋಕ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ಹೋಗಬೇಕು. ಒಡೆದ ಸ್ನಾಯುವಿನ ಪ್ರೋಟೀನ್ ಕಿಡ್ನಿಯನ್ನು ಕೆಡಿಸುತ್ತಿರುತ್ತದೆ. ಕೊಲೆಸ್ಟರಾಲಿಗೆ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮವಿಲ್ಲದೆಯೂ ಮೈಕೈ ನೋವು ಬಂದರೆ ವೈದ್ಯರಿಗೆ ತಿಳಿಸಿ, ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ. ಹರ್ನಿಯಾ, ಹತೋಟಿಯಲ್ಲಿಲ್ಲದ ಬಿಪಿ, ಇತ್ತೀಚಿನ ಶಸ್ತ್ರಚಿಕಿತ್ಸೆ ಇರುವವರು ಕೇಳಿಯೇ ಶುರುಮಾಡಿ.

ಮೇ ತಿಂಗಳಲ್ಲಿ ಊರಿಗೆ ಹೋಗಿ ಎರಡು ವಾರ ಬಿಟ್ಟರೆ ಬಲ ಬಹುಪಾಲು ಉಳಿದಿರುತ್ತದೆ, ಗಾಬರಿ ಬೇಡ. ತಿರುಗಿ ಬಂದ ಮೊದಲ ವಾರ ಬಿಟ್ಟಾಗಿನ ಹೊರೆಯ ಮುಕ್ಕಾಲು ಪಾಲು, ಎರಡೇ ಸೆಟ್. ಎರಡನೇ ವಾರ ಹಳೆಯ ಲೆಕ್ಕಕ್ಕೆ. ಜ್ವರದಿಂದ ಮಲಗಿ ಎದ್ದವರು ಅರ್ಧ ಹೊರೆಯಿಂದ ಶುರುಮಾಡಿ, ಮೂರು ವಾರ ತೆಗೆದುಕೊಳ್ಳಿ. ಹನ್ನೆರಡನೇ ವಾರದ ಕೊನೆಗೆ ಅದೇ ಕುರ್ಚಿ, ಅದೇ ಗೋಡೆ, ಅದೇ ಐದು ಸಲ, ಮೊಬೈಲಿನಲ್ಲಿ ಸಮಯ ನೋಡಿ ಮೊದಲಿನ ಸಂಖ್ಯೆಯ ಪಕ್ಕದಲ್ಲಿ ಬರೆಯಿರಿ.